ಜೋಳ ಆಳೆತ್ತರ ಬೆಳೆದಿದೆ

2025 ಫೆಬ್ರವರಿ 11, ಮಂಗಳವಾರ
ಜೋಂಬಾ ಜಿಲ್ಲೆ, ಮಲಾವಿ, ಆಫ್ರಿಕಾ

ಮಧ್ಯಾಹ್ನದಿಂದ ಮಳೆ ಬಿಟ್ಟಿಲ್ಲ. ನಿನ್ನೆ ರಾತ್ರಿ ಹೋದ ಕರೆಂಟ್ ಇನ್ನೂ ಬಂದಿಲ್ಲ. ಫೋನಿನಲ್ಲಿ ಚಾರ್ಜ್ ಇರುವಷ್ಟು ಬರೆದುಬಿಡುತ್ತೇನೆ. ಇಲ್ಲಿಯ ಹೈಸ್ಕೂಲಿನಲ್ಲಿ ನನ್ನ ಗಣಿತದ ಪಾಠ, ಟೆಸ್ಟ್ ಪೇಪರು ಎಲ್ಲ ಎಂದಿನಂತೆಯೇ ಆಯಿತು. ಬರೆಯಬೇಕು ಅನ್ನಿಸಿದ್ದು ಸಂಜೆಯ ಮಾತು.

ನಾಲ್ಕೂವರೆ ಹೊತ್ತಿಗೆ ಹೊರಗೆ "ಓಡೀ..." ಅಂತ ಸಣ್ಣ ದನಿ. ಒಳಗೆ ಬರಬಹುದಾ ಅಂತ ಇಲ್ಲಿ ಹಾಗೆ ಕೂಗುತ್ತಾರೆ. ಬಾಗಿಲು ತೆಗೆದರೆ ಮೂರನೇ ಫಾರ್ಮಿನ, ಅಂದರೆ ಹೈಸ್ಕೂಲಿನ ಮೂರನೇ ವರ್ಷದ, ಹುಡುಗಿ. ಹಿಂದೆ ಬರೆದಿದ್ದೆನಲ್ಲ, ನಾನು ಬೋರ್ಡಿನ ಮೇಲೆ ಮಾಡಿದ ಲೆಕ್ಕವನ್ನು ಎರಡೇ ಸಾಲಿನಲ್ಲಿ ಬೇರೆ ದಾರಿಯಿಂದ ಬಿಡಿಸಿ ತೋರಿಸಿದವಳು, ಅವಳೇ. ಕಳೆದ ವಾರವಿಡೀ ಕ್ಲಾಸಿಗೆ ಬಂದಿರಲಿಲ್ಲ. ತಲೆಯ ಮೇಲೆ ಗೊಬ್ಬರದ ಚೀಲ ಕವುಚಿಕೊಂಡಿದ್ದಳು. ಕೈಯಲ್ಲಿ ಕುಂಬಳದ ಸೊಪ್ಪಿನ ಕಟ್ಟು.

"ಅಮ್ಮ ಕೊಟ್ಟರು, ಮೇಡಂ. ನೋಟ್ಸ್ ಬರೆದುಕೊಳ್ಳಬೇಕಿತ್ತು."

ಇವಳು ಸೆಲ್ಫ್ ಬೋರ್ಡರ್. ನಮ್ಮದು ಡೇ ಸ್ಕೂಲು, ಹಾಸ್ಟೆಲ್ ಇಲ್ಲ. ದೂರದ ಹಳ್ಳಿಯ ಹುಡುಗಿಯರು ಇಬ್ಬರು ಮೂವರು ಸೇರಿ ಶಾಲೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತಾರೆ. ಶುಕ್ರವಾರ ಊರಿಗೆ ನಡೆದು ಹೋಗುತ್ತಾರೆ, ಭಾನುವಾರ ಹಿಟ್ಟು ಹೊತ್ತು ತರುತ್ತಾರೆ. ನೀರು, ಸೌದೆ, ಅಡುಗೆ ಎಲ್ಲ ಅವರದೇ. ಹದಿನಾರು ಹದಿನೇಳರ ಮಕ್ಕಳು. ಕೆಲವು ಕೋಣೆಗಳ ಬಾಗಿಲಿಗೆ ಸರಿಯಾದ ಚಿಲಕವೂ ಇಲ್ಲ. ಆ ಭಯ ನನಗೆ ಬೇರೆಯೇ ಇದೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಟವೆಲ್ ಕೊಟ್ಟು, ಟೀಗೆ ನೀರಿಟ್ಟು, ಎಲ್ಲಿಗೆ ಹೋಗಿದ್ದೆ ಅಂತ ಕೇಳಿದೆ.

"ಗನ್ಯು ಮಾಡ್ತಿದ್ದೆ, ಅಮ್ಮನ ಜೊತೆ."

ಗನ್ಯು ಅಂದರೆ ಬೇರೆಯವರ ಹೊಲದ ಕೂಲಿ. ಈ ತಿಂಗಳಲ್ಲಿ ದುಡ್ಡಿಗಿಂತ ಕಾಳಿಗೇ ಮಾಡುವವರು ಜಾಸ್ತಿ. ಏನು ಕೆಲಸ ಅಂದೆ. ಜೋಳದ ಬುಡಕ್ಕೆ ಮಣ್ಣು ಏರಿಸುವುದು ಅಂದಳು. ಇಲ್ಲಿ ಜೋಳ ಅಂದರೆ ಮುಸುಕಿನ ಜೋಳ. ಅಂಗೈ ತೋರಿಸು ಅಂತ ನಾನೇನೂ ಹೇಳಲಿಲ್ಲ. ಟೀ ಲೋಟ ಹಿಡಿದಾಗ ಕಂಡಿತು.

"ಎಷ್ಟು ಕೊಟ್ಟರು?"

"ಮೂರು ದಿನಕ್ಕೆ ಒಂದು ಬಕೆಟ್ ಜೋಳ, ಇಬ್ಬರಿಗೂ ಸೇರಿ. ಎರಡು ಹೊತ್ತು ಬೇಯಿಸಿದರೆ ನಮ್ಮ ಮನೆಗೆ ಆರು ದಿನ ಬರುತ್ತೆ. ಒಂದೇ ಹೊತ್ತಾದರೆ ಹತ್ತು ದಿನ."

"ಎರಡರ ಅರ್ಧ ಒಂದಾದರೆ ಹನ್ನೆರಡು ದಿನ ಬರಬೇಕಲ್ವಾ?" ಅಂದೆ. ಮೇಷ್ಟ್ರ ಬಾಯಿ, ಸುಮ್ಮನಿರುವುದಿಲ್ಲ.

"ಇಲ್ಲ ಮೇಡಂ. ಒಂದೇ ಹೊತ್ತು ತಿನ್ನೋವಾಗ ಎಲ್ಲರೂ ಸ್ವಲ್ಪ ಜಾಸ್ತಿ ತಿಂತಾರೆ."

ಮಾತಿನಲ್ಲಿ ದುಃಖ ಇರಲಿಲ್ಲ, ದೂರು ಇರಲಿಲ್ಲ. ನಾನು ಸುಮ್ಮನಾದೆ. ಸ್ವಲ್ಪ ಹೊತ್ತಾದ ಮೇಲೆ, ನಿಮ್ಮ ಹೊಲದ ಕೆಲಸ ಮುಗಿಯಿತಾ ಅಂತ ಕೇಳಿದೆ.

"ನಮ್ಮದಕ್ಕೆ ಇನ್ನೂ ಮಣ್ಣು ಏರಿಸಿಲ್ಲ. ಬೇರೆಯವರ ಹೊಲದಿಂದ ಬಂದ ಮೇಲೆ ಸಮಯ ಇರಲ್ಲ. ಮುಂದಿನ ವಾರ ಅಂತ ಅಮ್ಮ ಹೇಳ್ತಿದ್ದಾರೆ. ಅಷ್ಟರಲ್ಲಿ ಹಿಟ್ಟು ಮುಗಿಯುತ್ತೆ."

ಇದೇ ನೋಡಿ ಗಂಟು. ಮಳೆ ಬಿದ್ದು ಕಳೆ ಏಳುವ ಹೊತ್ತಿಗೆ ಮನೆಯ ಚೀಲ ಖಾಲಿ. ತಮ್ಮ ಹೊಲಕ್ಕೆ ಕೈ ಬೇಕಾದ ವಾರಗಳಲ್ಲೇ ಆ ಕೈಗಳನ್ನು ಬೇರೆಯವರ ಹೊಲಕ್ಕೆ ಕೊಡಬೇಕು. ತಮ್ಮದು ಸೊರಗುತ್ತದೆ, ಬೆಳೆ ಕಡಿಮೆ ಬರುತ್ತದೆ, ಮುಂದಿನ ವರ್ಷ ಚೀಲ ಇನ್ನೂ ಬೇಗ ಖಾಲಿಯಾಗುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವ ಲೆಕ್ಕವನ್ನು ಬಿಡಿಸಲು ಆಗುವುದಿಲ್ಲ ಅನ್ನುವುದು ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.

ಕಡೂರು ಕಡೆಯವಳು ನಾನು. ಬರ ಅಂದರೆ ನನ್ನ ಕಣ್ಣಿಗೆ ಬರುವುದು ಬಿರಿದ ಕೆರೆ, ಒಣಗಿ ನಿಂತ ತೆಂಗು. ಇಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹಸಿವಿನ ತಿಂಗಳು, ಮತ್ತು ಅದೇ ತಿಂಗಳಲ್ಲಿ ಊರು ತುಂಬಾ ಹಸಿರು. ಶಾಲೆಯ ದಾರಿಯಲ್ಲಿ ಎರಡೂ ಕಡೆ ಜೋಳ ಆಳೆತ್ತರ. ಅದರ ಸಂದಿಯಲ್ಲಿ ಕುಂಬಳದ ಬಳ್ಳಿ, ಮೊಣಕಾಲೆತ್ತರದ ತೊಗರಿ. ಜೋಂಬಾ ಬೆಟ್ಟದಿಂದ ನೀರು ಇಳಿಯುವ ಸದ್ದು. ಹೊಸದಾಗಿ ಬಂದಾಗ ಮಗಳಿಗೆ ಫೋಟೋ ಕಳಿಸಿದರೆ "ಅಮ್ಮಾ, ಮಲೆನಾಡಿಗಿಂತ ಚೆನ್ನಾಗಿದೆ" ಅಂದಿದ್ದಳು. ಚೆನ್ನಾಗಿಯೇ ಇದೆ. ಆದರೆ ಜೋಳ ಒಣಗಿ ಮನೆಗೆ ಬರುವುದು ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಸೊಪ್ಪು ಎಷ್ಟು ಬೇಕಾದರೂ ಇದೆ, ಜೊತೆಗೆ ತಿನ್ನಲು ನ್ಸಿಮಾ, ಅಂದರೆ ಜೋಳದ ಹಿಟ್ಟಿನ ಮುದ್ದೆ, ಇಲ್ಲ. ಮಾರ್ಚ್ ಹೊತ್ತಿಗೆ ಹಸಿ ತೆನೆ ಬೇಯಿಸಿಕೊಂಡು ತಿನ್ನುತ್ತಾರೆ. ಹಸಿಯಾಗಿ ತಿಂದಷ್ಟೂ ಒಣ ಕಾಳು ಕಡಿಮೆ.

ಕಳೆದ ವರ್ಷದ ಏಟು ಇನ್ನೂ ಇಳಿದಿಲ್ಲ. ಎಲ್ ನಿನೋ ವರ್ಷ, ಮಳೆ ಕೈಕೊಟ್ಟಿತು. 2024ರ ಮಾರ್ಚ್‌ನಲ್ಲಿ ಅಧ್ಯಕ್ಷ ಚಕ್ವೇರಾ ದೇಶದ 28 ಜಿಲ್ಲೆಗಳಲ್ಲಿ 23ನ್ನು ವಿಪತ್ತಿನ ಜಿಲ್ಲೆ ಅಂತ ಘೋಷಿಸಿದ್ದರು. ಅದಕ್ಕೂ ಮೊದಲು, 2023ರ ನವೆಂಬರ್‌ನಲ್ಲಿ, ಇಲ್ಲಿಯ ಹಣ ಕ್ವಾಚಾದ ಬೆಲೆ ಒಂದೇ ಏಟಿಗೆ ಇಳಿದಿತ್ತು. ಗೊಬ್ಬರ ಕೊಳ್ಳುವವರ ಪಾಡು ಕೇಳಬೇಡಿ.

ನಮ್ಮಜ್ಜಿ ಹೇಳುತ್ತಿದ್ದ ಹಗೇವು ನೆನಪಾಯಿತು. ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚಿಬಿಡುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆ ರಾಗಿ ಮೂಲದಲ್ಲಿ ಈ ಪೂರ್ವ ಆಫ್ರಿಕಾದ್ದೇ. ಈಗ ಇಲ್ಲಿ ರಾಗಿ ಸಂತೆಯ ಮೂಲೆಯಲ್ಲಿ, ತೊಬ್ವಾ ಅನ್ನುವ ಪಾನೀಯ ಮಾಡುವವರಿಗೆ ಮಾತ್ರ. ಹೊಲವೆಲ್ಲ ಜೋಳ. ಹೈಬ್ರಿಡ್ ಜೋಳ ಇಳುವರಿ ಕೊಡುತ್ತದೆ, ಆದರೆ ಮೆತ್ತಗಿನ ಕಾಳು, ಬೇಗ ಹುಳ ಹಿಡಿಯುತ್ತದೆ. ಪಕ್ಕದ ಮನೆಯ ಅಗೋಗೋ, ಅಂದರೆ ಅಜ್ಜಿ, ಇನ್ನೂ ಸ್ವಲ್ಪ ಜಾಗದಲ್ಲಿ ಹಳೆಯ ನಾಟಿ ಜೋಳ ಹಾಕುತ್ತಾರೆ. ಅದರ ಕಾಳು ಗಟ್ಟಿ, ಹುಳ ಬೇಗ ಮುಟ್ಟುವುದಿಲ್ಲ ಅನ್ನುತ್ತಾರೆ. ಹೊಲ ಅವರದೇ, ಅವರ ತಾಯಿಯಿಂದ ಬಂದದ್ದು. ಇಲ್ಲಿ ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ ತಾಯಿಯ ಕಡೆಯಿಂದಲೇ ಎಲ್ಲ ಲೆಕ್ಕ. ಗಂಡ ಬಂದು ಹೆಂಡತಿಯ ಊರಲ್ಲಿ ಇರುತ್ತಾನೆ. ಹಾಗಾಗಿ ನಮ್ಮ ಹುಡುಗಿಗೂ ಒಂದು ತುಂಡು ನೆಲ ಬರುತ್ತದೆ. ತುಂಡೇ. ತಲೆಮಾರಿಗೆ ತಲೆಮಾರು ಹಂಚಿ ಹಂಚಿ ಈಗ ಅಂಗಳದಷ್ಟು ಉಳಿದಿದೆ.

ಸೊಪ್ಪಿನ ನಾರನ್ನು ಅವಳೇ ತೆಗೆದು ಕೊಟ್ಟಳು. ಕಡಲೆಕಾಯಿ ಪುಡಿ ಹಾಕಿ ಪಲ್ಯ ಮಾಡಿದೆ, ಅಗೋಗೋ ಕಲಿಸಿದ ಹಾಗೆ. ಬೆಳಗಿನ ಅನ್ನ ಇತ್ತು, ಹುಳಿ ಇತ್ತು. ಹುಳಿಯಲ್ಲಿ ಬೇಳೆ ನೋಡಿ ಇದು ನಾಂಡೊಲೊ ಅಲ್ವಾ ಅಂದಳು. ಹೌದು, ಇಲ್ಲಿಯ ತೊಗರಿಯೇ.

"ಮೇಡಂ, ನಿಮ್ಮ ದೇಶದವರು ಇದನ್ನ ಯಾಕೆ ಅಷ್ಟೊಂದು ತಿಂತಾರೆ? ನಿಮ್ಮವರು ಕೊಂಡರೆ ರೇಟು ಬರುತ್ತೆ, ಕೊಳ್ಳದಿದ್ದರೆ ಇಲ್ಲ ಅಂತ ಮಾವ ಹೇಳ್ತಾರೆ."

ಎಷ್ಟು ನಿಜ! 2021ರಲ್ಲಿ ನಮ್ಮ ಸರ್ಕಾರ ಮಲಾವಿಯಿಂದ ವರ್ಷಕ್ಕೆ 50,000 ಟನ್ ತೊಗರಿ ತರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು, ಐದು ವರ್ಷಕ್ಕೆ. ಅದರಲ್ಲಿ ಇವಳ ಅಮ್ಮನ ಎರಡು ಚೀಲವೂ ಸೇರಿರಬಹುದು. ಊರಿಗೆ ಬರುವ ವ್ಯಾಪಾರಿ ಕೊಟ್ಟಷ್ಟಕ್ಕೆ ಮಾರುತ್ತಾರಂತೆ. ಬೆಂಗಳೂರಲ್ಲಿ ಕುಕ್ಕರ್ ಇಡುವಾಗ ಈ ಹೆಂಗಸಿನ ಮುಖ ನೆನಪಿಗೆ ಬರಬೇಕು ಅಂತ ಅನ್ನಿಸಿತು. ನನ್ನ ಮಗಳಿಗೂ ಹೇಳಬೇಕು.

ಅವಳು ಹೊಟ್ಟೆ ತುಂಬಾ ಊಟ ಮಾಡಿದಳು. ನನಗೆ ಇವತ್ತು ಅದಕ್ಕಿಂತ ಸಂತೋಷ ಬೇರೆ ಇಲ್ಲ. ಟಾರ್ಚ್ ಬೆಳಕಿನಲ್ಲಿ ಬಿಟ್ಟುಹೋದ ನೋಟ್ಸ್ ಬರೆದುಕೊಂಡಳು. ಪೂರ್ತಿ ಕತ್ತಲಾಗುವ ಮೊದಲು ಅಗೋಗೋ ಮೊಮ್ಮಗನನ್ನು ಜೊತೆಗೆ ಕಳಿಸಿದರು.

ಅವಳು ಹೊರಡುವಾಗ ಹಿಟ್ಟಿನ ಚೀಲ ಎತ್ತಿಕೊಡಬೇಕು ಅಂತ ಕೈ ಮುಂದೆ ಹೋಗಿತ್ತು. ಜಗುಲಿಯಲ್ಲಿ ಕೂತಿದ್ದ ಅಗೋಗೋ ನೋಡಿದರು. ಮೊಮ್ಮಗ ವಾಪಸ್ ಬಂದ ಮೇಲೆ ಅವನ ಬಾಯಲ್ಲಿ ನನಗೆ ಹೇಳಿಸಿದರು: "ಒಬ್ಬಳಿಗೇ ಕೊಟ್ಟರೆ ಆ ಕೋಣೆಯ ಇನ್ನಿಬ್ಬರು ಅವಳು ತಿನ್ನೋದು ನೋಡ್ತಾ ಕೂರಬೇಕಾ? ಕೊಟ್ಟರೆ ಮೂವರಿಗೂ ಕೊಡು." ನಾನು ಅದನ್ನೇ ಯೋಚಿಸುತ್ತಾ ಕೂತೆ. ಮೂವರಿಗೆ ಕೊಟ್ಟರೆ ಪಕ್ಕದ ಕೋಣೆ? ಅದರ ಆಚೆಯ ಕೋಣೆ?

ಮಗಳ ಫೋನ್ ಬಂತು ಅಷ್ಟರಲ್ಲಿ. ಟಿಕೆಟ್ ಈಗಲೇ ಮಾಡಿದರೆ ಕಡಿಮೆಗೆ ಸಿಗುತ್ತೆ, ಜುಲೈ ಅಂತ ಹಾಕಲಾ ಅಂದಳು. ಸೊಳ್ಳೆ ಪರದೆ ಕಟ್ಟುತ್ತಿದ್ದೀಯಾ, ಮಲೇರಿಯಾ ಮಾತ್ರೆ ತಗೊಂಡೆಯಾ, ಅದೇ ಪ್ರಶ್ನೆಗಳು. ಎಲ್ಲದಕ್ಕೂ ಹೂಂ ಅಂದೆ. ಅವಳ ದನಿ ಕೇಳಿದರೆ ಈ ಕ್ಷಣವೇ ಹೊರಟುಬಿಡೋಣ ಅನ್ನಿಸುತ್ತದೆ. ಜುಲೈ ಅಂದರೆ ಇಲ್ಲಿ ತೊಗರಿ ಕೊಯ್ಲು ಶುರುವಾಗಿರುತ್ತದೆ, ಚಳಿ ಇರುತ್ತದೆ, ಎಲ್ಲರ ಮನೆಯಲ್ಲೂ ಜೋಳ ಇರುತ್ತದೆ. ಹುಡುಗಿಯರು ಮೂರೂ ಹೊತ್ತು ಉಂಡು ಕ್ಲಾಸಿಗೆ ಬರುವ ತಿಂಗಳಲ್ಲಿ ನಾನು ಹೋಗುವುದು. ಆ ಮೇಲಿನ ಜನವರಿಗೆ ಯಾರಿರುತ್ತಾರೆ?

ಇಲ್ಲಿ ಪ್ರೈಮರಿ ಶಾಲೆಗಳಲ್ಲಿ ಹಲವು ಕಡೆ ಬೆಳಿಗ್ಗೆ ಜೋಳ, ಸೋಯಾ ಗಂಜಿ ಕೊಡುತ್ತಾರೆ. ನಮ್ಮಂಥ ಹೈಸ್ಕೂಲಿಗೆ ಅದು ಇಲ್ಲ. ಹಸಿವು ಎಂಟನೇ ಕ್ಲಾಸಿಗೆ ಮುಗಿದುಹೋಗುತ್ತದೆಯೇ? ಕರ್ನಾಟಕದಲ್ಲೂ ಮೊದಲು ಹಾಗೇ ಇತ್ತಲ್ಲ. ಅಕ್ಷರ ದಾಸೋಹ ಸಣ್ಣ ಮಕ್ಕಳಿಗೆ ಶುರುವಾಗಿ, ಹೈಸ್ಕೂಲಿಗೆ ಬಂದದ್ದು 2007ರ ಹೊತ್ತಿಗೆ. ಅಕ್ಕಿ ಮೂಟೆ, ಗ್ಯಾಸ್, ಅಡುಗೆಯವರ ಸಂಬಳ, ಲೆಕ್ಕದ ಪುಸ್ತಕ ಅಂತ ನಾವು ಶಿಕ್ಷಕರು ಗೊಣಗಿದ್ದೂ ಇದೆ. ಆದರೆ ಮಧ್ಯಾಹ್ನದ ಮೇಲೆ ಮಕ್ಕಳ ಕಣ್ಣಲ್ಲಿ ಬಂದ ಕಳೆ ನಾನು ನೋಡಿದ್ದೇನೆ. ಆ ಮೊದಲು ಕೊನೆಯ ಪಿರಿಯಡ್ ಗಣಿತ ಅಂದರೆ ಅರ್ಧ ಬೆಂಚು ತೂಕಡಿಸುತ್ತಿತ್ತು.

ಮೂರು ತಿಂಗಳು ಸಾಕು, ಜನವರಿಯಿಂದ ಮಾರ್ಚ್. ಸೆಲ್ಫ್ ಬೋರ್ಡರ್‌ಗಳಿಗೆ ಮಾತ್ರ, ಬೆಳಗಿನ ಗಂಜಿ. ಏಪ್ರಿಲ್, ಮೇನಲ್ಲಿ ಜೋಳ ಅಗ್ಗ ಇದ್ದಾಗ ಶಾಲೆಯೇ ಕೊಂಡು ಇಟ್ಟುಕೊಂಡರೆ? ಪೋಷಕರು ಬೆಳೆ ಬಂದಾಗ ತಲೆಗೊಂದು ಸಣ್ಣ ತಟ್ಟೆ ಕಾಳು ಕೊಟ್ಟರೂ ಆಗುತ್ತದೆ. ಇಟ್ಟುಕೊಳ್ಳುವುದು ಎಲ್ಲಿ ಅನ್ನುವುದೇ ಕಷ್ಟ. ಹುಳಕ್ಕೆ ಪುಡಿ ಹಾಕಬೇಕು, ನೆಲದಿಂದ ಎತ್ತರಕ್ಕೆ ಹಲಗೆ ಬೇಕು. ಲ್ಯಾಬಿನ ಪಕ್ಕದ ಕೋಣೆಗೆ ಬೀಗ ಇದೆ, ಆದರೆ ಚಾವಣಿ ಸೋರುತ್ತದೆ. ಹೆಡ್‌ಮಾಸ್ಟರಿಗೆ ಬುಧವಾರ ಎರಡನೇ ಪಿರಿಯಡ್ ಬಿಡುವು. ಪೋಷಕರ ಸಮಿತಿಯ ಅಮಾಯಿ (ಅಮ್ಮ) ಒಬ್ಬರು ಸಂತೆಯಲ್ಲಿ ಸಿಗುತ್ತಾರೆ, ಮೊದಲು ಅವರಿಗೇ ಹೇಳುವುದು ಒಳ್ಳೆಯದು. ನಾನು ಹೇಳಿದರೆ ವಿದೇಶದವರ ಯೋಜನೆ ಆಗುತ್ತದೆ, ಜುಲೈಗೆ ನನ್ನ ಜೊತೆಗೇ ಹೋಗುತ್ತದೆ. ಅವರು ಹೇಳಿದರೆ...

ಚಾರ್ಜ್ ನಾಲ್ಕು ಪರ್ಸೆಂಟ್ ಇದೆ. ಚಾವಣಿಗೆ ಎಷ್ಟು ಶೀಟು ಬೇಕಾಗಬಹುದು ಅಂತ ಮೊದಲು