ವಾಲಿಬಾಲ್ ಆಡೋಕೆ ಮೂರು ಸಾವಿರ ಮೈಲಿ

ಅಕ್ಕನ ಮಗಳು ಇವತ್ತು ಬರ್ಕ್ಲಿಯಿಂದ ಒಂದು ಪಟ್ಟಿ ಕಳಿಸಿದಳು. ಅವಳ ಯೂನಿವರ್ಸಿಟಿಯ ಹುಡುಗಿಯರ ವಾಲಿಬಾಲ್ ತಂಡದ ಪಂದ್ಯಗಳದ್ದು. ಇವಳು ಆಡೋದಿಲ್ಲ, ಕೂಗೋಕೆ ಹೋಗ್ತಾಳೆ ಅಷ್ಟೇ.

ಬರ್ಕ್ಲಿ ಇರೋದು ಪೆಸಿಫಿಕ್ ದಡದಲ್ಲಿ. 2024ರಿಂದ ಆಡೋದು ದೇಶದ ಆಚೆ ದಡದ ಹೆಸರಿನ ಲೀಗಿನಲ್ಲಿ, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ! ಬಾಸ್ಟನ್, ಮಯಾಮಿ, ನಾರ್ತ್ ಕೆರೊಲಿನಾ ಕಡೆಯ ಕಾಲೇಜುಗಳೆಲ್ಲ ಈಗ ಇವರ ಲೀಗಿನವರು. ಐದಾರು ಗಂಟೆ ವಿಮಾನ, ಮೂರು ಗಂಟೆ ಸಮಯದ ವ್ಯತ್ಯಾಸ. ವಾಪಸ್ ಬಂದು ಸೋಮವಾರ ಕೆಮಿಸ್ಟ್ರಿ ಲ್ಯಾಬು. ನಿದ್ದೆ ಯಾವಾಗ ಮಾಡ್ತಾರೋ.

ಈ ಹುಡುಗಿಯರು ಕೇಳಿದ್ದಲ್ಲ ಇದು. ಅಮೆರಿಕನ್ ಫುಟ್‌ಬಾಲಿನ ಟಿವಿ ದುಡ್ಡಿಗಾಗಿ ದೊಡ್ಡ ಯೂನಿವರ್ಸಿಟಿಗಳು ಬೇರೆ ಬೇರೆ ಲೀಗಿಗೆ ಹಾರಿದವು, ಪಶ್ಚಿಮ ಕಡೆಯ ಇವರ ಹಳೆಯ ಲೀಗು ಪ್ಯಾಕ್-12 ಒಡೆಯಿತು. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಟಿವಿ ದುಡ್ಡಿನಲ್ಲಿ ಕಡಿಮೆ ಪಾಲಿಗೇ ಒಪ್ಪಿ ಈ ಅಟ್ಲಾಂಟಿಕ್ ಲೀಗಿಗೆ ಸೇರಿಕೊಂಡವು.

ಇಷ್ಟು ದುಡ್ಡು ಬರುವಾಗ ಕಾಲೇಜು ಆಟಗಾರರಿಗೂ ಸಂಬಳ ಕೊಡೋದು ತಪ್ಪು ಅಂತ ನನಗೆ ಅನ್ನಿಸೋದಿಲ್ಲ. ಕೋಚ್‌ಗಳು ಎಷ್ಟೋ ವರ್ಷದಿಂದ ಕೋಟಿಗಟ್ಟಲೆ ಎಣಿಸುತ್ತಿದ್ದರು, ಅಲ್ವಾ? 2025ರ ಜುಲೈಯಿಂದ ಯೂನಿವರ್ಸಿಟಿಗಳೇ ನೇರವಾಗಿ ಕೊಡಬಹುದು. ಮೊದಲ ವರ್ಷದ ಮಿತಿ, ಒಂದೊಂದು ಯೂನಿವರ್ಸಿಟಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ದೊಡ್ಡ ಕಡೆಗಳಲ್ಲಿ ಜಾಸ್ತಿ ಪಾಲು ಫುಟ್‌ಬಾಲು, ಗಂಡಸರ ಬ್ಯಾಸ್ಕೆಟ್‌ಬಾಲಿಗೇ.

ಫುಟ್‌ಬಾಲ್ ತಂಡ ಬೇಕಾದರೆ ದೇಶವೆಲ್ಲ ಸುತ್ತಲಿ, ಅದು ವ್ಯಾಪಾರ. ವಾಲಿಬಾಲ್ ತಂಡವನ್ನಾದರೂ ಪಕ್ಕದೂರಿನ ಕಾಲೇಜುಗಳ ಜೊತೆ ಆಡೋಕೆ ಬಿಡಬಹುದಲ್ಲ? ಅಮೆರಿಕದಲ್ಲಿರೋ ಸ್ನೇಹಿತರೇ, ನಿಮ್ಮ ಮಕ್ಕಳ ಕಾಲೇಜಲ್ಲೂ ಹೀಗೇನಾ?