ಪರ್ಷಿಯನ್ನರ ಊರಿನಲ್ಲಿ ಅಮ್ಮನ ದನಿ

ಹೋದ ತಿಂಗಳು ಅಂಗಡಿಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ಎರಡು ಹಳೆಯ ಕಂಪ್ಯೂಟರುಗಳನ್ನು ಇಳಿಸಬೇಕಾಯಿತು. ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡೋಣ ಎಂದು ಕರೆಂಟು ಕೊಟ್ಟೆ. ಒಂದು ಸತ್ತಿತ್ತು. ಇನ್ನೊಂದು ಕೆಮ್ಮುತ್ತಾ ಎದ್ದು ಕೂತಿತು. ಅದರಲ್ಲಿ ‘ಮುಟ್ಟಬೇಡಿ’ ಎಂಬ ಫೋಲ್ಡರ್, ಅದರೊಳಗೆ ಒಂದೇ ಫೈಲಿನ ಹನ್ನೊಂದು ಪ್ರತಿಗಳು: ‘ಆನೆ ಸರಿ’, ‘ಆನೆ ಸರಿಯಿಲ್ಲ’, ‘ಆನೆ ಕೊನೆಯದು’, ‘ಆನೆ ನಿಜವಾಗಿಯೂ ಕೊನೆಯದು’, ಹೀಗೆ.

ಸಾಗರದಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆಯ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ – ಹಗಲೆಲ್ಲ ಇವೇ. ಆ ಹನ್ನೊಂದು ಫೈಲುಗಳು ಮಾತ್ರ ರಾತ್ರಿಯ ಬಾಬತ್ತು.

2004ರಲ್ಲಿ ಅತ್ತೆಯ ಮಗ, ನಮ್ಮ ಭಾವ, ಬೆಂಗಳೂರಿನಿಂದ ಬರುವಾಗ ಏಜ್ ಆಫ್ ಎಂಪೈರ್ಸ್ 2 ಆಟದ ಸಿಡಿ ತಂದಿದ್ದ. ಟೆಕ್ಸಾಸ್‌ನ ಎನ್ಸೆಂಬಲ್ ಸ್ಟುಡಿಯೋಸ್‌ನವರು 1999ರಲ್ಲಿ ಮಾಡಿದ ಆಟ ಅದು. ಮರುವರ್ಷ ಕಾಂಕರರ್ಸ್ ಎಂಬ ವಿಸ್ತರಣೆಯೂ ಬಂತು. ಹಳ್ಳಿಯವರಿಂದ ಮರ ಕಡಿಸು, ಹೊಲ ಉಳುಮೆ ಮಾಡಿಸು, ಚಿನ್ನ ಅಗೆಸು, ಸೈನ್ಯ ಕಟ್ಟು, ಪಕ್ಕದವನ ಕೋಟೆ ಬೀಳಿಸು. ರಾತ್ರಿ ಎಂಟಕ್ಕೆ ಅಂಗಡಿಯ ಷಟರ್ ಅರ್ಧ ಎಳೆದು, ಎರಡು ಕಂಪ್ಯೂಟರುಗಳ ನಡುವೆ ಒಂದು ಕೇಬಲ್ ಹಾಕಿ ಕೂತರೆ ಊಟಕ್ಕೆ ಮನೆಯಿಂದ ಮೂರು ಸಲ ಫೋನು ಬರಬೇಕಿತ್ತು.

ನಾನು ಯಾವಾಗಲೂ ಪರ್ಷಿಯನ್ನರ ಪಕ್ಷ. ಕಾರಣ ಆನೆ. ಆಗ ಆ ಆಟದಲ್ಲಿ ಭಾರತದವರೇ ಇರಲಿಲ್ಲ. ಯುದ್ಧದಾನೆ ಬೇಕೆಂದರೆ ಪರ್ಷಿಯಾಕ್ಕೇ ಹೋಗಬೇಕು. ಒಂದು ಆನೆಗೆ 200 ಆಹಾರ, 75 ಚಿನ್ನ. ಮೈಯಲ್ಲಿ 450 ಅಂಕಗಳ ಪ್ರಾಣ. ಆದರೆ ವೇಗ 0.6. ಬುಟ್ಟಿ ಹೊತ್ತ ಹಳ್ಳಿಯ ಹೆಂಗಸಿನ ವೇಗವೇ 0.8! ಸಕ್ರೆಬೈಲಿನ ಬಿಡಾರದಲ್ಲಿ ಬೆಳಿಗ್ಗೆ ಕಾಡಿನಿಂದ ಮರಳುವ ಆನೆಗಳನ್ನು ನೋಡಿದವರು ಯಾರೂ ಈ ಲೆಕ್ಕವನ್ನು ಒಪ್ಪುವುದಿಲ್ಲ. ಆನೆ ಸುಮ್ಮನೆ ನಡೆದರೆ ನಾವು ಓಡಬೇಕು. ಹತ್ತು ವರ್ಷ ಈ ಅಸಮಾಧಾನವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ. 2014ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬಾಗಿಲು ಹಾಕಿದಾಗ ಹಳೆಯ ಯಂತ್ರಗಳು ಕೆಲಸದಿಂದ ಬಿಡುಗಡೆಯಾದವು, ನನ್ನ ಕೈಗೆ ಸಿಕ್ಕವು.

ಆನೆಯ ವೇಗವನ್ನು ನಾನೇ ತಿದ್ದಲು ಕೂತೆ. ಆಟದ ಫೈಲುಗಳಿಗೆ ಕೈಹಾಕುವ ಇಂಥ ತಿದ್ದುಪಡಿಗೆ ಇಂಗ್ಲಿಷಿನಲ್ಲಿ ‘ಮಾಡ್’ ಎನ್ನುತ್ತಾರೆ. ಕನ್ನಡದ ‘ಮಾಡು’ವಿಗೆ ಒಂದು ಉಕಾರದಷ್ಟೇ ದೂರ.

ಮೊದಲು ನಾನು ಮಾಡಿದ್ದು ಪೆದ್ದ ಕೆಲಸ. ಆಟದ ಚಿತ್ರಗಳಿರುವ ಡಿಆರ್‌ಎಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಮೊದಲ ಸಾಲಿನಲ್ಲಿ ಎನ್ಸೆಂಬಲ್‌ನವರ ಹಕ್ಕುಸ್ವಾಮ್ಯದ ಮಾತು, 1997 ಎಂಬ ಇಸವಿ, ‘ಟ್ರೈಬ್’ ಎಂಬ ಪದ, ಆಮೇಲೆಲ್ಲ ಗೊಬ್ಬರ. ಗೊಬ್ಬರದ ನಡುವೆ ಒಂದು ಕಡೆ ಪಿ, ಎಲ್, ಎಸ್ ಎಂಬ ಮೂರು ಅಕ್ಷರ ಕಂಡವು. ಚಿತ್ರದ ಫೈಲಿನ ಹೆಸರು ಎಸ್‌ಎಲ್‌ಪಿ. ಅದನ್ನು ಹಿಂದುಮುಂದಾಗಿ ಬರೆದಿದ್ದರು. ಧ್ವನಿಯ ‘ವೇವ್’ ಕೂಡ ಹಾಗೆಯೇ ತಿರುಗಿ ನಿಂತಿತ್ತು. ಅಕ್ಷರಗಳನ್ನು ಒಂದು ಸಂಖ್ಯೆಯೆಂದು ಇಟ್ಟಾಗ ಈ ಪ್ರೊಸೆಸರುಗಳು ಕೊನೆಯ ಬೈಟನ್ನು, ಇಲ್ಲಿ ಕೊನೆಯ ಅಕ್ಷರವನ್ನು, ಮೊದಲು ಬರೆಯುತ್ತವೆಯಂತೆ. ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಇಪ್ಪತ್ತು ವರ್ಷ ಬೆರಳು ಸವೆಸಿದವನು ನಾನು. ‘ಕರ್ಮ’ ಎಂಬ ಪದ ಆ ಫಾಂಟಿನ ಹೊಟ್ಟೆಯಲ್ಲಿ ಕ, ಮ, ಆಮೇಲೆ ಅರ್ಕಾವತ್ತು ಎಂದೇ ಕೂತಿರುತ್ತದೆ. ಉಚ್ಚಾರ ಒಂದು ಕಡೆ, ಬರಹ ಇನ್ನೊಂದು ಕಡೆ. ನಮಗೆ ಅಭ್ಯಾಸವಿದೆ.

ಆದರೆ ಆನೆಯ ವೇಗ ಇರುವುದು ಇದರಲ್ಲಿ ಅಲ್ಲ, ಇನ್ನೊಂದು ಡ್ಯಾಟ್ ಫೈಲಿನಲ್ಲಿ. ಅದನ್ನು ಒತ್ತಿ ಕುಗ್ಗಿಸಿ ಇಟ್ಟಿದ್ದಾರೆ; ನೋಟ್‌ಪ್ಯಾಡಿನಲ್ಲಿ ಒಂದು ಅಕ್ಷರವೂ ಸಿಗದು. ಅದನ್ನು ಬಿಚ್ಚಿ, ಯಾವ ಬೈಟು ಯಾವುದರ ಲೆಕ್ಕ ಎಂದು ಒಂದೊಂದಾಗಿ ಹುಡುಕಿದವರು ಆಟದ ಕಂಪನಿಯವರಲ್ಲ, ನಮ್ಮ ಹಾಗೆ ಆಡುತ್ತಿದ್ದವರು. ಒಂದು ಬೈಟ್ ಬದಲಿಸು, ಆಟ ತೆರೆ, ಏನು ಕೆಟ್ಟಿತು ನೋಡು, ಮುಚ್ಚು, ಮುಂದಿನ ಬೈಟ್. ಹೀಗೆ ವರ್ಷಗಟ್ಟಲೆ. ಅದರ ಫಲ ಅಡ್ವಾನ್ಸ್ಡ್ ಜೀನಿ ಎಡಿಟರ್ ಎಂಬ ತಂತ್ರಾಂಶ. ಜೀನಿ ಎಂದರೆ ಆಟದ ಎಂಜಿನ್ನಿನ, ಅಂದರೆ ಆಟವನ್ನು ಒಳಗಿನಿಂದ ನಡೆಸುವ ತಂತ್ರಾಂಶದ ಹೆಸರು. ಅದೇ ಎಂಜಿನ್ ಮೇಲೆ 2001ರಲ್ಲಿ ಸ್ಟಾರ್ ವಾರ್ಸ್‌ನ ಒಂದು ಆಟವೂ ಬಂದಿದ್ದರಿಂದ, ಅದರ ಫೈಲುಗಳನ್ನೂ ಈ ಎಡಿಟರ್ ತೆರೆಯುತ್ತದೆ. ಕಾಸು ಕೇಳುವುದಿಲ್ಲ, ಒಳಗಿನ ಕೋಡೂ ಬಯಲಿನಲ್ಲಿದೆ.

ಅದನ್ನು ಮೊದಲ ಸಲ ತೆರೆದಾಗ ಪಹಣಿಯ ನೆನಪಾಯಿತು. ಎಡಕ್ಕೆ ನಾಗರಿಕತೆಗಳ ಪಟ್ಟಿ, ಪಕ್ಕದಲ್ಲಿ ಪ್ರತಿ ಆಳು, ಕಟ್ಟಡ, ಮರ, ಬಾಣದ ಪಟ್ಟಿ, ಬಲಕ್ಕೆ ಮುಗಿಯದಷ್ಟು ಕಾಲಂಗಳು. ಪ್ರಾಣ, ವೇಗ, ದೃಷ್ಟಿಯ ದೂರ, ಬೆಲೆ, ಸತ್ತಾಗ ಬೀಳುವ ಹೆಣದ ಸಂಖ್ಯೆ. ಹೆಣವೂ ಒಂದು ಪ್ರತ್ಯೇಕ ಆಳು ಎಂಬುದು ನನಗೆ ಅಲ್ಲಿಯೇ ಗೊತ್ತಾದದ್ದು. ಪಹಣಿಯ ಒಂಬತ್ತನೆಯ ಕಾಲಂ ಸ್ವಾಧೀನದಾರನದು, ಹನ್ನೊಂದನೆಯದು ಸಾಲದ ಭಾರದ್ದು ಎಂದು ಓದುವ ಕಣ್ಣಿಗೆ ಇದೇನು ಕಷ್ಟವಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಹಲವು ಚೌಕಗಳ ಮೇಲೆ ‘ಅನ್‌ನೋನ್’ ಎಂದು ಬರೆದಿತ್ತು. ಅನ್‌ನೋನ್ 1, ಅನ್‌ನೋನ್ 2. ಒಳಗೆ ಒಂದು ಸಂಖ್ಯೆ ಇದೆ, ಅದು ಏನು ಮಾಡುತ್ತದೋ ತಿಳಿದಿಲ್ಲ, ಆದರೂ ನಿಮಗೆ ಕಾಣಲಿ ಎಂದು ಇಟ್ಟಿದ್ದೇವೆ ಎಂಬ ಧಾಟಿ. ಎಡಿಟರಿನ ಹೊಸ ಆವೃತ್ತಿಗಳಲ್ಲಿ ಅಂಥ ಚೌಕಗಳಿಗೆ ಒಂದೊಂದಾಗಿ ಹೆಸರು ಬರುತ್ತಿತ್ತು. ಎಲ್ಲೋ ಯಾರೋ ರಾತ್ರಿ ಎದ್ದು ಕೂತು ಒಂದನ್ನು ಬಿಡಿಸಿರುತ್ತಿದ್ದರು. ಸರ್ಕಾರಿ ನಮೂನೆಗಳನ್ನು ದಿನವೂ ತುಂಬುವವನಾಗಿ ಹೇಳುತ್ತೇನೆ: ಯಾವುದೇ ಅರ್ಜಿಯಲ್ಲಿ ‘ಈ ಕಾಲಂ ಏಕಿದೆಯೋ ನಮಗೂ ತಿಳಿಯದು’ ಎಂಬ ಸಾಲನ್ನು ನಾನು ಈವರೆಗೆ ಕಂಡಿಲ್ಲ. ಇದ್ದಿದ್ದರೆ ಎಷ್ಟೋ ಜನರ ಬಸ್ ಚಾರ್ಜು ಉಳಿಯುತ್ತಿತ್ತು.

ಆನೆಯ ಮಾತಿಗೆ ಬರುತ್ತೇನೆ. ಪಟ್ಟಿಯಲ್ಲಿ ಯುದ್ಧದಾನೆಯನ್ನು ಹುಡುಕಿ ವೇಗ 0.6 ಇದ್ದದ್ದನ್ನು 1.2 ಮಾಡಿದೆ. ಆಟ ತೆರೆದೆ. ಆನೆ ಹಾಗೆಯೇ ತೆವಳುತ್ತಿತ್ತು. 3 ಮಾಡಿದೆ. ಆಗಲೂ ಅಷ್ಟೇ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಈ ಫೈಲಿನಲ್ಲಿ ಪ್ರತಿ ನಾಗರಿಕತೆಗೂ ಪ್ರತಿ ಆಳಿನ ಬೇರೆ ಬೇರೆ ಪ್ರತಿ ಇದೆ. ನಾನು ತಿದ್ದಿದ್ದು ಪಟ್ಟಿಯ ತಲೆಯಲ್ಲಿದ್ದ ‘ಗಾಯಾ’ ಎಂಬ ಲೆಕ್ಕದ ಆನೆಯನ್ನು. ಅದು ಯಾವ ರಾಜನಿಗೂ ಸೇರದ, ಕಾಡುಪ್ರಾಣಿ ಗಿಡಮರಗಳ ಖಾತೆ. ಪರ್ಷಿಯನ್ನರ ಖಾತೆಯ ಆನೆ 0.6ರಲ್ಲೇ ಆರಾಮಾಗಿತ್ತು. ಅಣ್ಣನ ಪಹಣಿ ತಿದ್ದಿಸಿ ತಮ್ಮನ ಜಮೀನಿನಲ್ಲಿ ಹುಡುಕಿದ ಹಾಗೆ. ಒಂದರಲ್ಲಿ ತಿದ್ದಿದ್ದನ್ನು ಎಲ್ಲದಕ್ಕೂ ತಾನೇ ನಕಲು ಮಾಡುವ ಸೌಕರ್ಯ ಎಡಿಟರಿನ ಮೇಲ್ಭಾಗದಲ್ಲಿಯೇ ಇತ್ತು, ನಾನು ನೋಡಿರಲಿಲ್ಲ.

ಕೊನೆಗೆ ಆನೆ ಓಡಿತು. ಓಡಿತು ಎನ್ನುವುದಕ್ಕಿಂತ ಜಾರಿತು. ಕಾಲು ಎತ್ತಿ ಇಡುವ ಚಿತ್ರಗಳ ಗತಿ ಹಳೆಯದೇ ಉಳಿದು, ಮೈ ಮಾತ್ರ ಮುಂದೆ ಹೋಗುತ್ತಿತ್ತು. ಪಾಚಿ ಕಟ್ಟಿದ ಅಂಗಳದಲ್ಲಿ ಮಳೆಗಾಲದಲ್ಲಿ ನಾವು ಜಾರುವುದಿಲ್ಲವೇ, ಗಾಂಭೀರ್ಯ ಬಿಡದೆ, ಹಾಗೆ. ಚಿತ್ರಗಳ ಗತಿಯನ್ನು ಇನ್ನೊಂದು ಪುಟದಲ್ಲಿ ಬೇರೆಯಾಗಿ ತಿದ್ದಬೇಕು. ‘ಆನೆ ಸರಿಯಿಲ್ಲ’ ಎಂಬ ಪ್ರತಿ ಆ ರಾತ್ರಿಯದು.

ದೀಪಾವಳಿಗೆ ಭಾವ ಬಂದ. ಹೇಳದೆಯೇ ಆಟಕ್ಕೆ ಕೂರಿಸಿದೆ. ನನ್ನ ಯಂತ್ರದಲ್ಲಿ ತಿದ್ದಿದ ಫೈಲು, ಅವನದರಲ್ಲಿ ಮೂಲ ಫೈಲು. ಮುಕ್ಕಾಲು ಗಂಟೆ ಎಲ್ಲ ನೆಟ್ಟಗಿತ್ತು. ಮೊದಲ ಆನೆ ಕೋಟೆಯಿಂದ ಹೊರಬಿದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎರಡೂ ಯಂತ್ರಗಳ ತಾಳ ತಪ್ಪಿದೆ ಎಂಬ ಸಂದೇಶ ಬಂದು ಆಟ ನಿಂತಿತು. ಭಾವ ನನ್ನ ಮುಖ ನೋಡಿದ. ನನ್ನ ಕಳ್ಳತನ ಹಿಡಿದದ್ದು ಆಟವನ್ನು ಕಟ್ಟಿದ ರೀತಿಯೇ. ದೂರವಾಣಿ ತಂತಿಯ 28.8 ಕಿಲೋಬಿಟ್ ಮೋಡೆಮ್ಮಿನಲ್ಲಿ ನೂರಾರು ಸೈನಿಕರ ಜಾಗವನ್ನು ಕ್ಷಣಕ್ಷಣಕ್ಕೂ ಕಳಿಸಲು ಆಗುವುದಿಲ್ಲ. ಅದಕ್ಕೆ ಆ ಎಂಜಿನಿಯರುಗಳು ಆಜ್ಞೆಗಳನ್ನಷ್ಟೇ ಕಳಿಸುತ್ತಾರೆ. ‘ಆನೆ, ಅಲ್ಲಿಗೆ ಹೋಗು’ ಎಂಬ ಒಂದು ಮಾತು. ಲೆಕ್ಕವನ್ನು ಎರಡೂ ಯಂತ್ರಗಳು ತಮ್ಮ ಪಾಡಿಗೆ ಪೂರ್ತಿ ಮಾಡಿ, ಉತ್ತರ ಒಂದೇ ಬಂತೇ ಎಂದು ತಾಳೆ ನೋಡುತ್ತವೆ. ನನ್ನ ಲೆಕ್ಕದಲ್ಲಿ ಆನೆ ಹೊಳೆ ದಾಟಿದ್ದರೆ, ಅವನ ಲೆಕ್ಕದಲ್ಲಿ ಅದು ಇನ್ನೂ ಕೋಟೆಯ ಬಾಗಿಲಲ್ಲೇ. ಭಾವನಿಗೆ ಇದೆಲ್ಲ ವಿವರಿಸಿದೆ. ಅವನು ಕೇಳಿದ್ದು ಒಂದೇ: ‘ಅಂದರೆ ನೀನು ಮೋಸ ಮಾಡಿದೆ, ಅಲ್ಲವೇ?’

ಆಟದೊಳಗೆ ಕನ್ನಡ ತರುವ ಹುಚ್ಚು ಆಮೇಲೆ ಹತ್ತಿತು. ಆಳುಗಳ ಹೆಸರೆಲ್ಲ ಒಂದು ಡಿಎಲ್‌ಎಲ್ ಫೈಲಿನಲ್ಲಿ ಪಟ್ಟಿಯಾಗಿರುತ್ತವೆ. ರಿಸೋರ್ಸ್ ಹ್ಯಾಕರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಯುದ್ಧದಾನೆ ಎಂಬುದನ್ನು ಅಳಿಸಿ ‘ಆನೆ’ ಎಂದು, ಎಲ್ಲ ಭಾಷೆಗಳ ಅಕ್ಷರಕ್ಕೂ ಜಾಗವಿರುವ ಯೂನಿಕೋಡಿನಲ್ಲಿ ಬರೆದೆ. ಅಲ್ಲಿ ಅಕ್ಷರ ಸೊಗಸಾಗಿ ಕೂತಿತು. ಆಟದಲ್ಲಿ ನೋಡಿದರೆ ಮೂರು ಪ್ರಶ್ನಾರ್ಥಕ ಚಿಹ್ನೆಗಳು. ಆ, ನ, ಏತ್ವ: ಒಂದೊಂದಕ್ಕೂ ಒಂದೊಂದು ಪ್ರಶ್ನೆ. ಈ ಆಟ ಯೂನಿಕೋಡ್ ಅರಿಯದ ಕಾಲದ್ದು. ಅದರ ಹಳೆಯ ಅಕ್ಷರಪಟ್ಟಿಗಳಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ನುಡಿಯ ಹಳೆಯ ಸಂಕೇತದಲ್ಲಿ ಬರೆದು ನೋಡಿದೆ, ತಲೆಯ ಮೇಲೆ ಚುಕ್ಕೆ ಗೀಟು ಹೊತ್ತ ಫ್ರೆಂಚ್ ಅಕ್ಷರಗಳು ಬಂದವು. ಬಿಟ್ಟೆ.

ಹೆಸರು ಬರೆಯಲಾಗದಿದ್ದರೆ ಚಿತ್ರ ಬಿಡಿಸಬಹುದಲ್ಲ? ಆಳಿನ ಗುಂಡಿಯ ಚಿತ್ರ ಅಗಲಕ್ಕೆ 36, ಎತ್ತರಕ್ಕೆ 36 ಚುಕ್ಕೆಗಳದು. ಅಷ್ಟರಲ್ಲಿ ‘ಆ’ ಎಂಬ ಒಂದು ಅಕ್ಷರ ನೀಟಾಗಿ ಹಿಡಿಯುತ್ತದೆ. ನೀಲಿಯಲ್ಲಿ ಬರೆದು, ಚಿತ್ರವನ್ನು ಎಸ್‌ಎಲ್‌ಪಿ ಮಾಡಿಕೊಡುವ ಇನ್ನೊಂದು ಸಾಧನದಲ್ಲಿ ಹಾಕಿ ಸೇರಿಸಿದೆ. ಆಟದಲ್ಲಿ ನನ್ನ ಬಣ್ಣ ಕೆಂಪು ಆರಿಸಿದಾಗ ಅಕ್ಷರ ಕೆಂಪಾಯಿತು. ಹಳದಿ ಆರಿಸಿದರೆ ಹಳದಿ. ಆಟಕ್ಕಿರುವುದು ಒಟ್ಟು 256 ಬಣ್ಣಗಳ ಪೆಟ್ಟಿಗೆ. ಅದರಲ್ಲಿ 16ರಿಂದ 23ನೆಯ ಮನೆಗಳ ನೀಲಿ ನಿಜವಾಗಿ ನೀಲಿಯಲ್ಲ, ‘ಇಲ್ಲಿ ಆಟಗಾರನ ಬಣ್ಣ ಹಾಕಿ’ ಎಂಬ ಗುರುತು. ನಾನು ಅರಿಯದೆ ಸರಿಯಾಗಿ ಆ ಮನೆಯನ್ನೇ ಆರಿಸಿದ್ದೆ. ಕನ್ನಡದ ಅಕ್ಷರ ಗೆದ್ದವನ ಬಣ್ಣ ತೊಟ್ಟು ನಿಂತಿತು. ಇದನ್ನು ಮಾತ್ರ ತಿದ್ದಲಿಲ್ಲ, ಚೆಂದ ಕಂಡಿತು.

ಅದೇ ಬಣ್ಣದ ಪೆಟ್ಟಿಗೆಯ ದೆಸೆಯಿಂದ ಹೊಸ ವಿಂಡೋಸ್ 7 ಯಂತ್ರದಲ್ಲಿ ಹುಲ್ಲು ನೇರಳೆ, ನೀರು ಕೆಂಪು ಆಗುತ್ತಿತ್ತು. ವಿಂಡೋಸಿನ ಎಕ್ಸ್‌ಪ್ಲೋರರನ್ನೇ ಮುಚ್ಚಿ ಆಡಬೇಕಿತ್ತು, ಕೆಳಗಿನ ಪಟ್ಟಿ, ಗಡಿಯಾರ ಎಲ್ಲ ಮಾಯ. ಯೂಸರ್‌ಪ್ಯಾಚ್ ಎಂಬ ಅಭಿಮಾನಿಗಳ ತಿದ್ದುಪಡಿ ಇದನ್ನು ಸರಿಮಾಡಿತು, ಅಗಲದ ಪರದೆಗೂ ಆಟವನ್ನು ಹೊಂದಿಸಿತು, 200 ಇದ್ದ ಜನಸಂಖ್ಯೆಯ ಮಿತಿಯನ್ನು 1000ಕ್ಕೆ ಏರಿಸಿತು. ಅಷ್ಟು ಹೊತ್ತಿಗೆ ಎನ್ಸೆಂಬಲ್ ಕಂಪನಿಯೇ ಇರಲಿಲ್ಲ, 2009ರಲ್ಲಿ ಮುಚ್ಚಿತ್ತು. ಇದೇ ಬಗೆಯ ಸಾಧನಗಳಿಂದ ಒಂದು ಗುಂಪು 2012ರಲ್ಲಿ ಫರ್ಗಾಟನ್ ಎಂಪೈರ್ಸ್ ಎಂಬ ಮಾಡ್ ಹೊರತಂದು ಭಾರತೀಯರನ್ನು ಆಟದೊಳಗೆ ಕರೆತಂದಿತು. ಮರುವರ್ಷ ಅದೇ ಅಧಿಕೃತ ವಿಸ್ತರಣೆಯಾಯಿತು. ಅವರು ಈಗ ಹೊಸ ಆವೃತ್ತಿಯನ್ನೇ ಕಟ್ಟುವವರು. 2022ರಿಂದ ಅದರಲ್ಲಿ ದ್ರಾವಿಡರೂ ಇದ್ದಾರೆ, ಉರುಮಿ ಎಂಬ ಬಳುಕುವ ಕತ್ತಿ ಬೀಸುತ್ತಾರೆ. ನಾನು ಆಡಿ ನೋಡಿದೆ, ಚೆನ್ನಾಗಿದೆ. ನನಗೆ ಹಳೆಯದರ ಚುಕ್ಕೆಚುಕ್ಕೆ ಚಿತ್ರವೇ ಸಾಕು.

ಆ ಫೋಲ್ಡರಿನಲ್ಲಿ ಒಂದು ವೇವ್ ಫೈಲೂ ಇತ್ತು. ಅದನ್ನು ಮರೆತೇಬಿಟ್ಟಿದ್ದೆ.

ಆಟದಲ್ಲಿ ಹಳ್ಳಿಯ ಹೆಂಗಸಿನ ಮೇಲೆ ಒತ್ತಿದರೆ ಅವಳು ತನ್ನ ನಾಡಿನ ಭಾಷೆಯಲ್ಲಿ ಒಂದೆರಡು ಪದ ಆಡುತ್ತಾಳೆ. ಎಡಿಟರಿನಲ್ಲಿ ಪ್ರತಿ ಧ್ವನಿಗೂ ಒಂದು ಪಟ್ಟಿ: ಯಾವ ಫೈಲು, ಯಾವ ನಾಗರಿಕತೆ, ನೂರಕ್ಕೆ ಎಷ್ಟು ಸಲ ಕೇಳಬೇಕು. ಪರ್ಷಿಯಾದ ಹೆಂಗಸು ಕನ್ನಡದಲ್ಲಿ ‘ಏನಪ್ಪಾ?’ ಎನ್ನಲಿ ಎಂದು ಅಮ್ಮನನ್ನು ಮೈಕಿನ ಮುಂದೆ ಕೂರಿಸಿದ್ದೆ. ‘ಅಮ್ಮ, ಏನಪ್ಪಾ ಅಂತ ಹೇಳು’ ಎಂದೆ. ಅಮ್ಮ ಮೈಕನ್ನು ನೋಡಿದಳು, ನನ್ನನ್ನು ನೋಡಿದಳು, ‘ಯಾರಿಗೆ ಹೇಳಬೇಕು?’ ಎಂದಳು. ಆಮೇಲೆ ಎಷ್ಟು ಗೋಗರೆದರೂ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದಳು. ರೆಕಾರ್ಡ್ ಆದದ್ದು ಅಷ್ಟೇ. ಅದನ್ನೇ ಹಾಕಿ, ನೂರಕ್ಕೆ ಇಪ್ಪತ್ತು ಎಂದು ತುಂಬಿದ್ದೆ.

ಮೊನ್ನೆ ಆ ಕೆಮ್ಮುವ ಯಂತ್ರದಲ್ಲೇ ಆಟ ತೆರೆದು ಕೂತಿದ್ದೆ. ಅಮ್ಮ ಕಾಫಿಯ ಲೋಟ ಹಿಡಿದು ಒಳಗೆ ಬಂದಳು. ನಾಲ್ಕು ಸಲ ಪರ್ಷಿಯನ್ ಭಾಷೆ ಕೇಳಿದ ಮೇಲೆ ಐದನೆಯ ಸಲ ಸ್ಪೀಕರಿನಿಂದ ಹತ್ತು ವರ್ಷ ಹಿಂದಿನ ದನಿ ಬಂತು: ‘ಯಾರಿಗೆ ಹೇಳಬೇಕು?’

ಅಮ್ಮ ಲೋಟವನ್ನು ಕೀಬೋರ್ಡಿನ ಪಕ್ಕ ಇಟ್ಟಳು. ‘ಯಾರೋ ಗಿರಾಕಿ ಕೇಳುತ್ತಿದ್ದಾರೆ, ನೋಡು’ ಎಂದು ಬಾಗಿಲ ಕಡೆ ತಿರುಗಿದಳು.