ಅಮೆರಿಕ ಅಷ್ಟೊಂದು ಜಮೀನನ್ನು ದುಡ್ಡು ಕೊಟ್ಟೇ ಕೊಂಡಿತಾ?

ಅಮೆರಿಕದ ಹಳೇ ಚರಿತ್ರೆ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದವರು ನನ್ನನ್ನು ಹೆಚ್ಚಾಗಿ ಕೇಳುವುದು ಜಮೀನಿನ ಲೆಕ್ಕ. "1803ರಲ್ಲಿ ಫ್ರಾನ್ಸ್‌ನಿಂದ ಎಕರೆಗೆ ಮೂರು ಸೆಂಟ್‌ನಂತೆ ಅರ್ಧ ದೇಶಾನೇ ಕೊಂಡ್ಕೊಂಡರಂತಲ್ಲ, ನಿಜಾನಾ?" ಬೆಂಗಳೂರಿನ ಸೈಟ್ ರೇಟು ಕೇಳಿ ಬೇಸತ್ತವರಿಗೆ ಈ ರೇಟು ಬಹಳ ಇಷ್ಟವಾಗುತ್ತದೆ ಅಂತ ಕಾಣುತ್ತದೆ.

ಲೆಕ್ಕ ಸರಿ. ದುಡ್ಡು ಕೊಟ್ಟಿದ್ದೂ ನಿಜ. ಆದರೆ ಆ ದುಡ್ಡಿಗೆ ಸಿಕ್ಕಿದ್ದು ಜಮೀನಲ್ಲ. ಯುರೋಪಿನ ಬೇರೆ ಯಾರೂ ಅಡ್ಡ ಬರದಂತೆ, ಅಲ್ಲಿ ಮೊದಲಿಂದ ಬದುಕಿದ್ದವರ ಕೈಯಿಂದ ಜಮೀನು ಬಿಡಿಸಿಕೊಳ್ಳುವ ಹಕ್ಕು ಸಿಕ್ಕಿತು, ಅಷ್ಟೇ. ಅಗ್ರಿಮೆಂಟ್ ಹಿಡಿದವನು ಅಗ್ರಿಮೆಂಟನ್ನೇ ಇನ್ನೊಬ್ಬನಿಗೆ ಮಾರುವುದನ್ನು ನಮ್ಮಲ್ಲಿ ನೋಡಿರುತ್ತೀರಿ. ಇದೂ ಹಾಗೇ, ಒಂದೇ ವ್ಯತ್ಯಾಸ ಅಂದರೆ ಮಾಲೀಕ ಆ ಅಗ್ರಿಮೆಂಟಿಗೆ ಸಹಿಯನ್ನೇ ಹಾಕಿರಲಿಲ್ಲ.

ಈ ಕಥೆ 1803ಕ್ಕಿಂತ ಹಿಂದೆಯೇ ಶುರುವಾಗುತ್ತದೆ. 1763ರಲ್ಲಿ ಬ್ರಿಟಿಷ್ ದೊರೆ ಒಂದು ಘೋಷಣೆ ಹೊರಡಿಸಿದ. ಅಪಲಾಚಿಯನ್ ಬೆಟ್ಟಗಳ ಆಚೆ ವಸಾಹತಿನವರು ಹೋಗಿ ನೆಲೆಸಬಾರದು ಅಂತ. ಜನ ಇದನ್ನು ನೆನಪಿಟ್ಟುಕೊಂಡಿದ್ದಾರೆ, ಯಾಕೆಂದರೆ ವಸಾಹತಿನವರ ಸಿಟ್ಟಿಗೆ ಇದೂ ಒಂದು ಕಾರಣ. ಪಶ್ಚಿಮದ ಜಮೀನಿನ ಮೇಲೆ ಕಣ್ಣಿಟ್ಟವರು ಬಹಳ ಮಂದಿ ಇದ್ದರು, ಸ್ವತಃ ಜಾರ್ಜ್ ವಾಷಿಂಗ್ಟನ್ ಕೂಡ. ಆದರೆ ಅದೇ ಘೋಷಣೆಯಲ್ಲಿ ಇನ್ನೊಂದು ಮಾತಿತ್ತು, ನನ್ನ ಪ್ರಕಾರ ಅದೇ ಮುಖ್ಯ: ಮೂಲನಿವಾಸಿಗಳ ಜಮೀನನ್ನು ಖಾಸಗಿ ವ್ಯಕ್ತಿಗಳು ನೇರವಾಗಿ ಕೊಳ್ಳುವಂತಿಲ್ಲ, ಸರ್ಕಾರವೇ ಕೊಳ್ಳಬೇಕು. ಮೂಲನಿವಾಸಿಗಳಿಗೆ ಮೋಸ ಆಗಬಾರದು ಅನ್ನೋದು ಕಾರಣ. ಬ್ರಿಟಿಷರನ್ನು ಓಡಿಸಿದ ಮೇಲೆ ಹೊಸ ದೇಶ ಅವರ ಎಷ್ಟೋ ಕಾನೂನು ಬಿಟ್ಟಿತು, ಇದನ್ನು ಮಾತ್ರ ಬಿಡಲಿಲ್ಲ. 1790ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಇದನ್ನೇ ತನ್ನ ಕಾಯ್ದೆ ಮಾಡಿಕೊಂಡಿತು, 1823ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸೈ ಅಂದಿತು. ಈಗ ಯೋಚನೆ ಮಾಡಿ. ಮಾರುವವರು ನೂರಾರು ಬುಡಕಟ್ಟುಗಳು, ಕೊಳ್ಳುವವನು ಒಬ್ಬನೇ, ಅವನ ಹತ್ತಿರ ಸೈನ್ಯವೂ ಇದೆ. ರೇಟು ಯಾರು ಹೇಳುತ್ತಾರೆ?

1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಮಿಸಿಸಿಪ್ಪಿ ನದಿಯವರೆಗಿನ ಇಡೀ ಪ್ರದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ವಾಸವಿದ್ದ ಒಂದು ಬುಡಕಟ್ಟನ್ನೂ ಆ ಮಾತುಕತೆಗೆ ಕರೆದಿರಲಿಲ್ಲ. (ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಸೋತು ಈ ಒಪ್ಪಂದಕ್ಕೆ ದಾರಿ ಮಾಡಿಕೊಟ್ಟ ಕಾರ್ನ್‌ವಾಲಿಸ್ ನಮಗೂ ಪರಿಚಯದವನೇ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡವನು ಅವನೇ.) ಒಹಾಯೊ ಕಡೆಯ ಜನ ಈ ಒಪ್ಪಂದಕ್ಕೆ ಕವಡೆ ಕಿಮ್ಮತ್ತೂ ಕೊಡಲಿಲ್ಲ. 1791ರಲ್ಲಿ ಮಯಾಮಿ ಬುಡಕಟ್ಟಿನ ಲಿಟ್ಲ್ ಟರ್ಟಲ್ ಮತ್ತು ಶಾನಿ ಬುಡಕಟ್ಟಿನ ಬ್ಲೂ ಜಾಕೆಟ್ ಸೇರಿ ಅಮೆರಿಕದ ಸೈನ್ಯವನ್ನು ಎಂಥಾ ಹೊಡೆತ ಹೊಡೆದರು ಅಂದರೆ 600ಕ್ಕೂ ಜಾಸ್ತಿ ಸೈನಿಕರು ಒಂದೇ ಬೆಳಿಗ್ಗೆ ಸತ್ತರು. ಸರ್ಕಾರ ಜಮೀನಿಗೆ ದುಡ್ಡು ಕೊಡೋಣ ಅನ್ನುವುದಕ್ಕೆ ಇಂಥ ಯುದ್ಧಗಳ ಖರ್ಚೂ ಒಂದು ಕಾರಣ. ಬರೀ ಧರ್ಮಬುದ್ಧಿಯಿಂದ ಕೊಟ್ಟರು ಅಂದರೆ ನಾನು ನಂಬುವುದಿಲ್ಲ.

ಈಗ ಆ ಮೂರು ಸೆಂಟಿನ ವಿಷಯ. ಅಧ್ಯಕ್ಷ ಜೆಫರ್ಸನ್‌ಗೆ ಬೇಕಿದ್ದದ್ದು ನ್ಯೂ ಆರ್ಲಿಯನ್ಸ್ ಬಂದರು ಮತ್ತು ಫ್ಲಾರಿಡಾ ಕಡೆಯ ಒಂದಿಷ್ಟು ಜಾಗ. ನೆಪೋಲಿಯನ್ ಇಡೀ ಲೂಯಿಸಿಯಾನಾ ತಗೊಳ್ಳಿ ಅಂದ. ಅಂದರೆ ಈಗಿನ ಲೂಯಿಸಿಯಾನಾ ರಾಜ್ಯ ಅಲ್ಲ, ಮಿಸಿಸಿಪ್ಪಿಯಿಂದ ರಾಕಿ ಪರ್ವತದವರೆಗೆ ಸುಮಾರು 53 ಕೋಟಿ ಎಕರೆ, ನಮ್ಮ ಕರ್ನಾಟಕದ ಹನ್ನೊಂದು ಪಟ್ಟು. ಬೆಲೆ 1.5 ಕೋಟಿ ಡಾಲರ್. ಅವನು ಯಾಕೆ ಮಾರಿದ? ಫ್ರಾನ್ಸಿನ ವಸಾಹತಾಗಿದ್ದ ಹೈಟಿಯಲ್ಲಿ ಗುಲಾಮರು 1791ರಲ್ಲೇ ಬಂಡೆದ್ದಿದ್ದರು, ಅವರನ್ನು ಬಗ್ಗಿಸಲು ಅವನು ಕಳಿಸಿದ ಸೈನ್ಯ ಯುದ್ಧದಲ್ಲೂ ಹಳದಿ ಜ್ವರದಲ್ಲೂ ನಾಶವಾಯಿತು, ಸೇನಾಪತಿಯಾಗಿದ್ದ ಅವನ ತಂಗಿಯ ಗಂಡ ಲೆಕ್ಲೆರ್ ಕೂಡ ಅಲ್ಲೇ ಸತ್ತ. ಸಕ್ಕರೆಯ ದ್ವೀಪವೇ ಕೈತಪ್ಪಿದ ಮೇಲೆ ಅದಕ್ಕೆ ದವಸ ಒದಗಿಸಬೇಕಿದ್ದ ಲೂಯಿಸಿಯಾನಾ ಇಟ್ಟುಕೊಂಡು ಏನು ಮಾಡೋದು? ಜೊತೆಗೆ ಬ್ರಿಟನ್ ಜೊತೆ ಯುದ್ಧ ಬರುವುದಿತ್ತು, ದುಡ್ಡು ಬೇಕಿತ್ತು. ಹೀಗೆ ಹೈಟಿಯ ಗುಲಾಮರ ಹೋರಾಟದಿಂದ ಅತಿ ದೊಡ್ಡ ಲಾಭ ಆಗಿದ್ದು ಅಮೆರಿಕಕ್ಕೆ. ಆದರೆ ಆ ಹೈಟಿಯನ್ನು ಒಂದು ದೇಶ ಅಂತ ಅಮೆರಿಕ ಒಪ್ಪಿಕೊಂಡಿದ್ದು 1862ರಲ್ಲಿ!

ಕೈಯಲ್ಲಿ ಅಷ್ಟು ಹಣ ಇಲ್ಲದ ಅಮೆರಿಕ ಬಾಂಡ್ ಬರೆದುಕೊಟ್ಟಿತು. ಅವನ್ನು ಮಾರಿಕೊಟ್ಟವರಲ್ಲಿ ಲಂಡನ್ನಿನ ಬೇರಿಂಗ್ ಬ್ಯಾಂಕ್ ಒಂದು. ಬ್ರಿಟನ್ ವಿರುದ್ಧ ಯುದ್ಧಕ್ಕೆ ಹೊರಟವನಿಗೆ ಲಂಡನ್ನಿನಿಂದಲೇ ದುಡ್ಡು. ವ್ಯಾಪಾರ ಅಂದ್ರೆ ಹಾಗೇ ಅಲ್ವಾ. ಇನ್ನೊಂದು ತಮಾಷೆ, ಅಲ್ಲಿಯವರೆಗೆ ಸ್ಪೇನ್ ಆಳುತ್ತಿದ್ದ ನ್ಯೂ ಆರ್ಲಿಯನ್ಸ್ ಅನ್ನು ಫ್ರಾನ್ಸ್ ಅಧಿಕೃತವಾಗಿ ವಶಕ್ಕೆ ತಗೊಂಡದ್ದು 1803ರ ನವೆಂಬರ್ 30ಕ್ಕೆ, ಅಮೆರಿಕಕ್ಕೆ ವಹಿಸಿದ್ದು ಡಿಸೆಂಬರ್ 20ಕ್ಕೆ. ಆ 20 ದಿನದ ಮಾಲೀಕನಿಗೆ ಒಸೇಜ್, ಪಾನಿ, ಲಕೋಟಾ, ಮಾಂಡನ್ ಜನರ ಊರುಗಳು ಎಲ್ಲಿವೆ ಅನ್ನುವುದೂ ಸರಿಯಾಗಿ ಗೊತ್ತಿರಲಿಲ್ಲ.

ಹಾಗಾದರೆ ಜಮೀನು ಕೈಗೆ ಬಂದದ್ದು ಹೇಗೆ? ಒಂದು ಉಪಾಯವನ್ನು ಜೆಫರ್ಸನ್ ಅದೇ 1803ರ ಫೆಬ್ರವರಿಯಲ್ಲಿ, ಇಂಡಿಯಾನಾದ ಗವರ್ನರ್ ಹ್ಯಾರಿಸನ್‌ಗೆ ಖಾಸಗಿ ಪತ್ರದಲ್ಲಿ ಬರೆದಿದ್ದಾನೆ. ಸರ್ಕಾರಿ ಅಂಗಡಿಗಳಲ್ಲಿ ಬುಡಕಟ್ಟಿನ ಮುಖಂಡರು ಸಾಲ ಮಾಡಲಿ, ತೀರಿಸಲಾಗದಷ್ಟು ಸಾಲವಾದರೆ ಜಮೀನು ಬಿಟ್ಟುಕೊಟ್ಟು ತೀರಿಸಲು ತಾವೇ ಮುಂದೆ ಬರುತ್ತಾರೆ ಅಂತ. ಎಲ್ಲರೂ ಸಮಾನರು ಅಂತ ಸ್ವಾತಂತ್ರ್ಯದ ಘೋಷಣೆ ಬರೆದ ಅದೇ ಕೈ. ನಮ್ಮ ಹಳ್ಳಿಯ ಸಾಹುಕಾರರು ಇದನ್ನು ಓದಿದ್ದರೆ ಇದರಲ್ಲೇನು ಹೊಸದು ಅನ್ನುತ್ತಿದ್ದರು.

1809ರಲ್ಲಿ ಹ್ಯಾರಿಸನ್ ಫೋರ್ಟ್ ವೇನ್‌ನಲ್ಲಿ ಕೆಲವು ಬುಡಕಟ್ಟುಗಳ ಮುಖಂಡರಿಂದ ಸುಮಾರು 30 ಲಕ್ಷ ಎಕರೆ ಬರೆಸಿಕೊಂಡ, ಎಕರೆಗೆ ಕೆಲವೇ ಸೆಂಟ್‌ಗೆ. ಆಗ ಸರ್ಕಾರ ವಲಸಿಗರಿಗೆ ಜಮೀನು ಮಾರುತ್ತಿದ್ದ ಕನಿಷ್ಠ ದರ ಎಕರೆಗೆ 2 ಡಾಲರ್. ಲಾಭದ ಲೆಕ್ಕ ನೀವೇ ಹಾಕಿಕೊಳ್ಳಿ. ಶಾನಿ ನಾಯಕ ಟೆಕಮ್ಸೆ ಮುಂದಿನ ವರ್ಷ ಹ್ಯಾರಿಸನ್ ಎದುರಿಗೇ ನಿಂತು ಹೇಳಿದ್ದು ಇಷ್ಟು: ಈ ನೆಲ ಎಲ್ಲ ಬುಡಕಟ್ಟುಗಳಿಗೂ ಸೇರಿದ್ದು, ಎಲ್ಲರ ಒಪ್ಪಿಗೆ ಇಲ್ಲದೆ ಯಾರೋ ನಾಲ್ಕು ಜನ ಮಾರಿದರೆ ಆ ಮಾರಾಟ ನಡೆಯುವುದಿಲ್ಲ. ಕೂಡುಕುಟುಂಬದ ಜಮೀನಿನ ವ್ಯಾಜ್ಯ ನೋಡಿದವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಿಲ್ಲ. ವಾದ ಗಟ್ಟಿಯಿತ್ತು, ಆದರೆ ಕೇಳುವ ಕೋರ್ಟ್ ಇರಲಿಲ್ಲ. ಟೆಕಮ್ಸೆ 1813ರಲ್ಲಿ ಬ್ರಿಟಿಷರ ಜೊತೆ ಸೇರಿ ಹೋರಾಡುತ್ತಾ ಸತ್ತ. ಹ್ಯಾರಿಸನ್ ಮುಂದೆ ಅಮೆರಿಕದ ಅಧ್ಯಕ್ಷನಾದ, ಒಂದೇ ತಿಂಗಳು.

ಕೋರ್ಟಿಗೆ ಹೋದವರೂ ಇದ್ದರು, ಚೆರೋಕೀ ಬುಡಕಟ್ಟಿನವರು. ಅವರಿಗೆ ಸ್ವಂತ ಲಿಪಿ ಇತ್ತು, ಸಂವಿಧಾನ ಇತ್ತು, 1828ರಿಂದ ಪತ್ರಿಕೆಯೂ ಇತ್ತು. 1832ರಲ್ಲಿ ಸುಪ್ರೀಂ ಕೋರ್ಟ್ ಅವರ ನೆಲದ ಮೇಲೆ ಜಾರ್ಜಿಯಾ ರಾಜ್ಯದ ಕಾನೂನು ನಡೆಯುವುದಿಲ್ಲ ಅಂತ ತೀರ್ಪನ್ನೂ ಕೊಟ್ಟಿತು. ಆದರೂ 1835ರಲ್ಲಿ ಒಂದು ಸಣ್ಣ ಗುಂಪನ್ನು ಹಿಡಿದು ಸಹಿ ಹಾಕಿಸಿಕೊಂಡರು, ಬೆಲೆ 50 ಲಕ್ಷ ಡಾಲರ್. ಮುಖ್ಯಸ್ಥ ಜಾನ್ ರಾಸ್ ಒಪ್ಪಿರಲಿಲ್ಲ. ಸಾವಿರಾರು ಚೆರೋಕೀಗಳ ಹೆಸರಿದ್ದ ವಿರೋಧದ ಅರ್ಜಿ ವಾಷಿಂಗ್ಟನ್‌ಗೆ ಹೋಯಿತು. ಸೆನೆಟ್‌ನಲ್ಲಿ ಒಪ್ಪಂದ ಒಂದೇ ಒಂದು ಮತದಿಂದ ಪಾಸಾಯಿತು. 1838ರಲ್ಲಿ ಸೈನ್ಯ ಬಂದು ಮನೆಗಳಿಂದ ಹೊರಡಿಸಿತು, ಈಗಿನ ಓಕ್ಲಹೋಮಾದವರೆಗಿನ ಆ ಪ್ರಯಾಣದಲ್ಲಿ ಸುಮಾರು 4,000 ಜನ ಸತ್ತರು ಅನ್ನುತ್ತಾರೆ. ದಾಖಲೆಯ ಪ್ರಕಾರ ಇದೂ ಕೊಂಡ ಜಮೀನೇ. ಹೀಗೆ ಖಾಲಿಯಾದ ದಕ್ಷಿಣದ ನೆಲಕ್ಕೆ ಹತ್ತಿ ಬಂತು, ಹತ್ತಿಯ ಜೊತೆ ಗುಲಾಮರು ಬಂದರು.

ಮೆಕ್ಸಿಕೊ ಕಥೆ ಚಿಕ್ಕದು. 1846ರಲ್ಲಿ ಯುದ್ಧ, 1848ರಲ್ಲಿ ಒಪ್ಪಂದ, ಕ್ಯಾಲಿಫೋರ್ನಿಯಾ ಸೇರಿ ಬಹಳಷ್ಟು ಭಾಗ ಹೋಯಿತು. ಗೆದ್ದವರು ಸೋತವರಿಗೆ ಮತ್ತೆ ಅದೇ 1.5 ಕೋಟಿ ಡಾಲರ್ ಕೊಟ್ಟರು. ಸುಮ್ನೆ ಕಿತ್ತುಕೊಂಡೆವು ಅನ್ನಿಸಿಕೊಳ್ಳುವುದು ಅವರಿಗೆ ಇಷ್ಟ ಇರಲಿಲ್ಲ ಅಂತ ನಾನು ಅಂದುಕೊಂಡಿದ್ದೇನೆ.

ಇಷ್ಟು ಹೇಳಿದ ಮೇಲೆ ಕೆಲವರು, "ಹೋಗ್ಲಿ ಬಿಡಿ, ಮುಗಿದ ಕಥೆ" ಅನ್ನುತ್ತಾರೆ. ಮುಗಿದಿಲ್ಲ. ಬ್ಲಾಕ್ ಹಿಲ್ಸ್ ಅನ್ನು ಲಕೋಟಾಗಳಿಂದ ಒಪ್ಪಂದ ಮುರಿದು ಕಿತ್ತುಕೊಂಡದ್ದಕ್ಕೆ ಪರಿಹಾರ ಕೊಡಬೇಕು ಅಂತ 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಹತ್ತು ಕೋಟಿ ಡಾಲರಿಗೂ ಮೀರಿದ ಮೊತ್ತ. ನಾವು ಮಾರಿಲ್ಲ, ನಮಗೆ ಬೆಟ್ಟ ಬೇಕು ಅಂತ ಅವರು ಇನ್ನೂ ಅದನ್ನು ತಗೊಂಡಿಲ್ಲ. 2020ರಲ್ಲಿ ಅದೇ ಕೋರ್ಟ್, ಓಕ್ಲಹೋಮಾದಲ್ಲಿ ಕ್ರೀಕ್ ಜನರಿಗೆ ಒಪ್ಪಂದದಲ್ಲಿ ಕೊಟ್ಟ ಮೀಸಲು ಪ್ರದೇಶ ಯಾವತ್ತೂ ರದ್ದಾಗಿಲ್ಲ ಅಂತ ತೀರ್ಪು ಕೊಟ್ಟಿತು. ಟಲ್ಸಾ ನಗರದ ದೊಡ್ಡ ಭಾಗ ಅದರೊಳಗೇ ಬರುತ್ತದೆ. ಅಲ್ಲಿ ಮನೆ ತಗೊಂಡಿರುವ ನಮ್ಮವರು ಗಾಬರಿಯಾಗಬೇಡಿ, ನಿಮ್ಮ ಕ್ರಯಪತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಅಲ್ಲಿ ಬುಡಕಟ್ಟಿನ ಸದಸ್ಯನೊಬ್ಬ ದೊಡ್ಡ ಅಪರಾಧ ಮಾಡಿದರೆ ಅವನ ವಿಚಾರಣೆ ಈಗ ರಾಜ್ಯದ ಕೋರ್ಟಿನಲ್ಲಿ ನಡೆಯುವಂತಿಲ್ಲ, ಕೇಂದ್ರದ, ಅಂದರೆ ಫೆಡರಲ್ ಕೋರ್ಟಿಗೇ ಹೋಗಬೇಕು.